ಬೆಂಗಳೂರಿನ ಹಳೇ ಪೇಟೆ: ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬೇಕು, ಎಲ್ಲಿಂದ ಶುರು ಮಾಡಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ-ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ನಾನಿರುವುದು ವೈಟ್‌ಫೀಲ್ಡ್‌ನಲ್ಲಿ. ಲಾಲ್‌ಬಾಗ್, ವಿಧಾನಸೌಧ, ಇಸ್ಕಾನ್ ಎಲ್ಲ ಅವರು ನೋಡಿಯಾಗಿದೆ. ಈ ಸಲ ಅಪ್ಪ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಕೆಂಪೇಗೌಡರು ಕಟ್ಟಿದ ಊರು ತೋರಿಸು, ಉಳಿದದ್ದು ಬೇಡ." ಅವರು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವರು. ಅಮ್ಮನಿಗೆ ದೇವಸ್ಥಾನ, ಹೂವು, ಸೀರೆ ಇದ್ದರೆ ಸಾಕು. ಆದರೆ ಮಂಡಿ ನೋವಿದೆ, ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ.

ನಾನು ಇಷ್ಟು ವರ್ಷ ಇಲ್ಲಿದ್ದರೂ ಚಿಕ್ಕಪೇಟೆಗೆ ಹೋಗಿದ್ದು ಸೀರೆ ತರಲು ಮಾತ್ರ. ಮಾರ್ಕೆಟ್ಟು, ಅವೆನ್ಯೂ ರಸ್ತೆ, ಟಿಪ್ಪು ಅರಮನೆ ಎಲ್ಲ ಒಂದೇ ದಿನಕ್ಕೆ ಆಗುತ್ತದಾ? ಯಾವ ದಿನ ಹೋಗಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಬ್ಬನ್‌ಪೇಟೆಯವನು:
ನಮ್ಮಪ್ಪನ ಕಾಲದಿಂದ ನಾವು ಪೇಟೆಯವರೇ. ನಿಮ್ಮ ತಂದೆಯವರ ಮಾತು ಕೇಳಿ ತುಂಬಾ ಖುಷಿಯಾಯಿತು. ಬೆಂಗಳೂರು ನೋಡಲು ಬಂದವರು ಇಲ್ಲಿಗೆ ಬರುವುದೇ ಕಡಿಮೆ.

ಮೊದಲು ಒಂದು ಮಾತು. ಕಾರು ಬೇಡವೇ ಬೇಡ. ವೈಟ್‌ಫೀಲ್ಡ್‌ನಿಂದ ನೇರಳೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬನ್ನಿ. ಅಲ್ಲಿ ಹಸಿರು ಲೈನಿಗೆ ಬದಲಾಯಿಸಿ. ಮುಂದಿನ ಸ್ಟೇಷನ್ ಚಿಕ್ಕಪೇಟೆ, ಅದರ ಮುಂದಿನದು ಕೃಷ್ಣರಾಜೇಂದ್ರ ಮಾರುಕಟ್ಟೆ. ನೀವು ಮಾರುಕಟ್ಟೆಯಲ್ಲೇ ಇಳಿಯಿರಿ. 2017ರಲ್ಲಿ ಈ ಸ್ಟೇಷನ್‌ಗಳು ಬಂದ ಮೇಲೆ ವಯಸ್ಸಾದವರನ್ನು ಪೇಟೆಗೆ ಕರೆತರುವುದು ನಿಜವಾಗಿ ಸುಲಭವಾಗಿದೆ. ಲಿಫ್ಟ್ ಇದೆ, ಅಮ್ಮನಿಗೆ ಮೆಟ್ಟಿಲಿನ ಚಿಂತೆ ಬೇಡ. ಟಾಯ್ಲೆಟ್ ಕೂಡ ಸ್ಟೇಷನ್ನಿನಲ್ಲೇ ಮುಗಿಸಿಕೊಳ್ಳಿ. ಹೊರಗೆ ಬಂದ ಮೇಲೆ ಹೆಂಗಸರಿಗೆ ಅದೊಂದು ದೊಡ್ಡ ತೊಂದರೆ.

ಹೊರಗೆ ಬಂದರೆ ಕೋಟೆ ವೆಂಕಟರಮಣ ದೇವಸ್ಥಾನ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ ಪಕ್ಕಪಕ್ಕದಲ್ಲೇ ಸಿಗುತ್ತವೆ. ದೇವಸ್ಥಾನ ಕಟ್ಟಿಸಿದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರು, 1689ರಲ್ಲಿ. ಅರಮನೆ ಶುರು ಮಾಡಿದ್ದು ಹೈದರ್ ಅಲಿ 1781ರಲ್ಲಿ, ಮುಗಿಸಿದ್ದು ಟಿಪ್ಪು 1791ರಲ್ಲಿ. ಎರಡಕ್ಕೂ ನಡುವೆ ಒಂದು ಗೋಡೆ ಅಷ್ಟೇ. ಟಿಪ್ಪು ಅರಮನೆ ಎಂದರೆ ಮೈಸೂರು ಅರಮನೆಯ ಥರ ಇರುತ್ತದೆ ಎಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಇದು ಚಿಕ್ಕದು, ಬಹುಪಾಲು ತೇಗದ ಮರದ್ದು. ಆದರೆ ಆ ಕಂಬಗಳ ಹತ್ತಿರ ಹೋಗಿ ನಿಂತು ನೋಡಿ. ಕೆಳಗೆ ಕಲ್ಲಿನ ಪೀಠ. ಅದರ ಮೇಲೆ ಉದ್ದುದ್ದ ಗೀರು ಕೊರೆದ ಮರದ ಕಂಬ. ಮೇಲೆ ಬಾಗಿದ ಕಮಾನು. ಗೋಡೆ, ಸೂರಿನ ಮೇಲೆ ಹಳೇ ಬಣ್ಣದ ಹೂಬಳ್ಳಿ ಅಲ್ಲಲ್ಲಿ ಉಳಿದಿದೆ. ಮಹಡಿಯ ಮೆಟ್ಟಿಲು ಕಡಿದು. ಅಮ್ಮ ಹತ್ತದಿದ್ದರೂ ನಷ್ಟವಿಲ್ಲ, ಕೆಳಗಿನಿಂದಲೇ ಸೊಗಸು ಕಾಣುತ್ತದೆ.

ಟಿಪ್ಪು ಸತ್ತ ಮೇಲೆ ಬ್ರಿಟಿಷರು ಇಲ್ಲಿ ಕಚೇರಿ ಇಟ್ಟುಕೊಂಡಿದ್ದರು. 1868ರಲ್ಲಿ ಕಚೇರಿಗಳು ಅಠಾರಾ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ ಹೋದವು. ಇಡೀ ಮೈಸೂರು ರಾಜ್ಯದ ಕಾಗದಪತ್ರ ಈ ಮರದ ಕಂಬಗಳ ನಡುವೆ ಓಡಾಡಿದೆ. ನಿಮ್ಮ ತಂದೆಯವರಿಗೆ ಇದು ಇಷ್ಟವಾಗುತ್ತದೆ.

ಅಲ್ಲಿಂದ ಮಾರ್ಕೆಟ್ಟಿನ ಕಡೆ ನಡೆದರೆ ಕೋಟೆಯ ಡೆಲ್ಲಿ ಗೇಟ್. ಒಂದು ಕಾಲಕ್ಕೆ ದೊಡ್ಡದಾಗಿದ್ದ ಕೋಟೆಯಲ್ಲಿ ಈಗ ಉಳಿದಿರುವುದು ಈ ಬಾಗಿಲು ಮತ್ತು ಒಂದಿಷ್ಟು ಗೋಡೆ.

ಒಂದೇ ದಿನಕ್ಕೆ ಎಲ್ಲ ಆಗುತ್ತದಾ ಎಂದರೆ, ಆಗುತ್ತದೆ. ಆದರೆ ಮಾಡಬೇಡಿ. ಎರಡು ಬೆಳಿಗ್ಗೆ ಇಟ್ಟುಕೊಳ್ಳಿ. ಒಂದು ಕೋಟೆಗೆ, ಒಂದು ಪೇಟೆಗೆ.

ಜಯನಗರ 4ನೇ ಬ್ಲಾಕ್:
ಭಾನುವಾರ ಹೋಗಿ. ಟ್ರಾಫಿಕ್ ಇರಲ್ಲ, ಆರಾಮಾಗಿ ನಡೆಯಬಹುದು. ವಾರದ ದಿನ ಅವೆನ್ಯೂ ರಸ್ತೆಯಲ್ಲಿ ವಯಸ್ಸಾದವರನ್ನು ನಡೆಸುವುದು ಹಿಂಸೆ.

ಕಬ್ಬನ್‌ಪೇಟೆಯವನು:
ಸರ್, ಕ್ಷಮಿಸಿ, ಇದನ್ನು ನಾನು ಒಪ್ಪುವುದಿಲ್ಲ. ಭಾನುವಾರ ಪೇಟೆಯಲ್ಲಿ ಬಹುಪಾಲು ಅಂಗಡಿಗಳ ಷಟರ್ ಎಳೆದಿರುತ್ತದೆ. ಷಟರ್ ನೋಡಲು ಶಿವಮೊಗ್ಗದಿಂದ ಬರಬೇಕಾ? ಬಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಗೊಲ್ಲರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ. ಹೆಸರುಗಳನ್ನು ಓದುತ್ತಾ ಹೋದರೆ ಯಾರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ಗೊತ್ತಾಗುತ್ತದೆ. ಈಗ ಆ ಕಸುಬೆಲ್ಲ ಅದೇ ಬೀದಿಯಲ್ಲಿಲ್ಲ. ಆದರೂ ಒಂದೊಂದು ಬೀದಿಗೆ ಒಂದೊಂದು ವ್ಯಾಪಾರ ಎನ್ನುವ ಪದ್ಧತಿ ಹಾಗೇ ಇದೆ. ಎಸ್‌.ಪಿ. ರಸ್ತೆಗೆ ಹೋದರೆ ಬರೀ ಕಂಪ್ಯೂಟರ್, ಎಲೆಕ್ಟ್ರಾನಿಕ್ ಸಾಮಾನು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಸ್ವಿಚ್ಚು, ವೈರು, ಲೈಟು. ಚಿಕ್ಕಪೇಟೆಯಲ್ಲಿ ರೇಷ್ಮೆ. ವ್ಯಾಪಾರ ನಡೆಯುವಾಗ ನೋಡಿದರೆ ಮಾತ್ರ ಪೇಟೆ ನೋಡಿದ ಹಾಗೆ.

ಮಂಗಳವಾರ, ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯ ಹೊತ್ತು. ಅಂಗಡಿ ಆಗತಾನೇ ತೆರೆದಿರುತ್ತಾರೆ. ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿ, ಬೋಣಿಗೆಗೆ ಕಾಯುತ್ತಾ ಕೂತಿರುತ್ತಾರೆ. ಆಗ ಮಾತಾಡಿಸಿದರೆ ಮಾತಾಡುತ್ತಾರೆ. ಸಂಜೆ ಐದರ ಮೇಲೆ ಯಾರಿಗೂ ಪುರುಸೊತ್ತಿರಲ್ಲ.

ಜಯನಗರ 4ನೇ ಬ್ಲಾಕ್:
ಸರಿ ಸರ್. ಆದರೆ ಮಂಡಿ ನೋವಿರುವವರು ಆ ಫುಟ್‌ಪಾತಿನಲ್ಲಿ ನಡೆಯುವುದು ಹೇಗೆ? ನನ್ನ ಅತ್ತೆ ಅಲ್ಲಿ ಗುಂಡಿಗೆ ಕಾಲು ಹಾಕಿ ಉಳುಕಿಸಿಕೊಂಡರು. ಅದಕ್ಕೇ ಹೇಳಿದೆ.

ಶಾಸನಪ್ರಿಯ:
ಇಬ್ಬರ ಮಾತೂ ನಿಜ. ಅದಕ್ಕೆ ಒಂದು ಉಪಾಯ: ಇಡೀ ಅವೆನ್ಯೂ ರಸ್ತೆ ನಡೆಸಬೇಡಿ. ಅದು ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಮಾರ್ಕೆಟ್ಟಿನವರೆಗೂ ಇದೆ. ಅಮ್ಮನವರನ್ನು ಒಂದು ಸೀರೆ ಅಂಗಡಿಯಲ್ಲಿ ಕೂರಿಸಿ, ನೀವೂ ತಂದೆಯವರೂ ನಡೆದು ಬನ್ನಿ. ಚಿಕ್ಕಪೇಟೆಯ ಹಳೇ ಅಂಗಡಿಗಳಲ್ಲಿ ಚಪ್ಪಲಿ ಬಿಟ್ಟು ಬಿಳಿ ಹಾಸಿಗೆ ಮೇಲೆ ಕೂರುವ ಪದ್ಧತಿ ಇನ್ನೂ ಇದೆ. ಕೆಳಗೆ ಕೂರಲು ಆಗದಿದ್ದರೆ ಸ್ಟೂಲ್ ಕೊಡುತ್ತಾರೆ.

ಈಗ ತಂದೆಯವರಿಗಾಗಿ ಸ್ವಲ್ಪ ಇತಿಹಾಸ. ಈ ಅವೆನ್ಯೂ ರಸ್ತೆಯೇ ಹಳೇ ದೊಡ್ಡಪೇಟೆ. ಉತ್ತರಕ್ಕೆ ಯಲಹಂಕ ಬಾಗಿಲು, ದಕ್ಷಿಣಕ್ಕೆ ಕೋಟೆ. ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು. 1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ಈ ಎರಡು ಬೀದಿ ಕೂಡುವ ಜಾಗದಿಂದಲೇ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಕಟ್ಟಿ ನೇಗಿಲು ಹೊಡೆಸಿದರು ಎಂದು ಹೇಳುತ್ತಾರೆ. ಎತ್ತು ನಿಂತ ಕಡೆ ಬಾಗಿಲು. ಕಥೆ ಏನೇ ಇರಲಿ, ಆ ಎರಡು ಬೀದಿ ಇಂದಿಗೂ ಅದೇ ಜಾಗದಲ್ಲಿ ಅಡ್ಡ ಹಾಯುತ್ತವೆ. ಬಾಗಿಲುಗಳು ಹೋಗಿವೆ, ಹೆಸರು ಉಳಿದಿದೆ. ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿ ಏಕಿಲ್ಲ ಎಂದು ಎಷ್ಟೋ ಜನ ಕೇಳುತ್ತಾರೆ. ಊರಿನಿಂದ ಹಲಸೂರಿಗೆ ಹೋಗುವ ಬಾಗಿಲು ಅಲ್ಲಿತ್ತು, ಅದಕ್ಕೆ.

ಇನ್ನೊಂದು. ಪೇಟೆಯ ಸುತ್ತ ಇದ್ದದ್ದು ಮಣ್ಣಿನ ಗೋಡೆ ಮತ್ತು ಕಂದಕ. ಅದರ ದಕ್ಷಿಣಕ್ಕೆ ಇದ್ದ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನಿಂದ ಕಟ್ಟಿಸಿದ. 1791ರ ಮಾರ್ಚ್ 7ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆ ಹಿಡಿಯಿತು. ಕೋಟೆ ಬಿದ್ದಿದ್ದು ಮಾರ್ಚ್ 21ರ ರಾತ್ರಿ. ಟಿಪ್ಪುವಿನ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹಾದೂರ್ ಖಾನ್ ಅಲ್ಲೇ ಹೋರಾಡುತ್ತಾ ಸತ್ತ. ಗೋಡೆ ಒಡೆದ ಜಾಗದಲ್ಲಿ ಕೆ.ಆರ್. ರಸ್ತೆಯ ಬದಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಬಸ್ಸು, ಆಟೋ ನಡುವೆ ಯಾರೂ ಅದನ್ನು ಗಮನಿಸುವುದಿಲ್ಲ. ತಂದೆಯವರಿಗೆ ಖಂಡಿತ ತೋರಿಸಿ. ಗೆದ್ದವರು ತಮ್ಮ ದಾಳಿಯ ನೆನಪಿಗೆ ಹಾಕಿಸಿದ ಕಲ್ಲು ಅದು. ಸತ್ತ ಕಿಲ್ಲೇದಾರನ ಹೆಸರು ಅದರಲ್ಲಿ ಇಲ್ಲ ಎನ್ನುವುದು ನನ್ನ ಮನಸ್ಸಿಗೆ ಯಾವಾಗಲೂ ಚುಚ್ಚುತ್ತದೆ.

ಕೋಟೆ ವೆಂಕಟರಮಣನ ಗುಡಿ ಮುಂದಿನ ಕಂಬಕ್ಕೂ ಆ ಯುದ್ಧಕ್ಕೂ ಒಂದು ಕಥೆ ಇದೆ. ಫಿರಂಗಿ ಗುಂಡು ಕಂಬಕ್ಕೆ ಬಡಿದು ಟಿಪ್ಪುವಿನ ಜೀವ ಉಳಿಯಿತು ಎಂದು ಜನ ಹೇಳುತ್ತಾರೆ. ಒಳಗೆ ಯಾಳಿ (ಸಿಂಹದಂಥ ಕಾಲ್ಪನಿಕ ಪ್ರಾಣಿ) ಕೆತ್ತಿದ ಕಂಬಗಳನ್ನು ನೋಡಲು ಮರೆಯಬೇಡಿ.

ಹೂವಕ್ಕ:
ಅಮ್ಮನಿಗೆ ಹೂವು ಇಷ್ಟ ಎಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಹೂವಿನ ವ್ಯಾಪಾರದವರು. ನಾನು ಮದುವೆಯಾಗಿ ಬಂದಾಗಿನಿಂದ ಮಾರ್ಕೆಟ್ಟಿಗೆ ಹೋಗುತ್ತಿದ್ದೇನೆ.

ಹೂವಿನ ಮಾರ್ಕೆಟ್ ನೋಡಬೇಕಾದರೆ ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿರಬೇಕು. ಮೂಟೆಗಳು ನಸುಕಿನಲ್ಲೇ ಬಂದು ಬೀಳುತ್ತವೆ. ಎಂಟು ಗಂಟೆಗೆ ಒಳ್ಳೆಯ ಮಾಲು ಖಾಲಿ. ಬಿಡಿ ಹೂವು ಕೆಜಿ ಲೆಕ್ಕ. ಕಟ್ಟಿದ ಹೂವು ಮೊಳದ ಲೆಕ್ಕ, ಮಾರಿನ ಲೆಕ್ಕ. ಮೊಳ ಅಳೆಯುವುದನ್ನು ಸ್ವಲ್ಪ ನಿಂತು ನೋಡಿ. ಮೊಣಕೈಯಿಂದ ಬೆರಳ ತುದಿಗೆ ಹೂವಿನ ಸರ ಹಿಡಿದು, ಒಂದು ಸುತ್ತು ತಿರುಗಿಸಿ, ಮತ್ತೆ ಹಿಡಿದು, ಕೊನೆಗೆ ಹಲ್ಲಿನಲ್ಲೋ ಬ್ಲೇಡಿನಲ್ಲೋ ದಾರ ಕತ್ತರಿಸುತ್ತಾರೆ. ಕಣ್ಣು ಗಿರಾಕಿ ಮೇಲೆ ಇರುತ್ತದೆ, ಕೈ ತನ್ನಷ್ಟಕ್ಕೆ ಓಡುತ್ತದೆ. ಉದ್ದ ಕೈಯವರ ಹತ್ತಿರ ತಗೊಳ್ಳಿ ಎಂದು ನಮ್ಮತ್ತೆ ಹೇಳುತ್ತಿದ್ದರು.

ಸೇವಂತಿಗೆ, ಕನಕಾಂಬರ, ಮಲ್ಲಿಗೆ, ಕಾಕಡ, ಸುಗಂಧರಾಜ, ಚೆಂಡು ಹೂವು, ಗುಲಾಬಿ. ಮಲ್ಲಿಗೆ ಜೊತೆ ಮರುಗ, ದವನ ಸೇರಿಸಿ ಕಟ್ಟಿದ್ದು ಸಿಕ್ಕರೆ ಅಮ್ಮನಿಗೆ ಕೊಡಿಸಿ. ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಯ ಹಿಂದಿನ ದಿನ ಮಾತ್ರ ಬೇಡ. ರೇಟೂ ಜಾಸ್ತಿ, ಉಸಿರಾಡಲೂ ಜಾಗ ಇರಲ್ಲ.

ಚಪ್ಪಲಿ ಬಗ್ಗೆ ಹೇಳಲೇಬೇಕು. ನೆಲ ಯಾವಾಗಲೂ ಒದ್ದೆ. ಎಲೆ, ಕೊಳೆತ ಹೂವು, ನೀರು. ಜಾರುವ ಚಪ್ಪಲಿ ಹಾಕಿಕೊಂಡು ಬರಬೇಡಿ. ಹಿಂದಿನಿಂದ ತಲೆ ಮೇಲೆ ಮೂಟೆ ಹೊತ್ತವರು "ಸೈಡು, ಸೈಡು" ಎಂದು ಕೂಗುತ್ತಾ ಬಂದರೆ ತಕ್ಷಣ ಪಕ್ಕಕ್ಕೆ ಸರಿಯಿರಿ. ಆ ಭಾರ ಹೊತ್ತು ಅವರಿಗೆ ನಿಲ್ಲಲು ಆಗುವುದಿಲ್ಲ. ಕೆಳಗೆ ಇಳಿಯುವುದು ಅಮ್ಮನಿಗೆ ಕಷ್ಟವಾದರೆ ಮೇಲಿನಿಂದಲೇ ಬಗ್ಗಿ ನೋಡಬಹುದು. ಹಳದಿ, ಕೇಸರಿ, ಬಿಳಿ ರಾಶಿಗಳು ಒಟ್ಟಿಗೆ ಕಾಣುತ್ತವೆ. ಫೋಟೋ ತೆಗೆಯುವವರೆಲ್ಲ ನಿಲ್ಲುವುದು ಅಲ್ಲೇ.

ರೀಲ್ ಮಾಡೋಣ:
ಅಕ್ಕ, ಫೋಟೋ, ವಿಡಿಯೋ ತೆಗೆದರೆ ಬೈಯ್ಯುತ್ತಾರಾ?

ಹೂವಕ್ಕ:
ಕೇಳಿ ತೆಗೆದರೆ ಯಾರೂ ಬೈಯ್ಯಲ್ಲಪ್ಪ. ನಾವು ವ್ಯಾಪಾರದ ಹೊತ್ತಿನಲ್ಲಿ ಲೆಕ್ಕ ಹಾಕುತ್ತಿರುತ್ತೇವೆ. ಆಗ ಮುಖದ ಹತ್ತಿರ ಕ್ಯಾಮೆರಾ ಹಿಡಿದರೆ ಕೋಪ ಬರದೆ ಇರುತ್ತದಾ? ಒಂದು ಮೊಳ ಹೂವು ತಗೊಳ್ಳಿ, "ಅಕ್ಕ, ಒಂದು ಫೋಟೋ ತೆಗೀಲಾ" ಅನ್ನಿ. ಆಮೇಲೆ ಎಷ್ಟು ಬೇಕಾದರೂ ತೆಗೆಯಿರಿ. ಹೊರೆ ಹೊತ್ತವರ ದಾರಿಗೆ ಅಡ್ಡ ನಿಂತು ಮಾತ್ರ ತೆಗೆಯಬೇಡಿ. ಕಟ್ಟೆ ಮೇಲೆ ಮಲಗಿರುವ ಕೂಲಿಯವರ ಫೋಟೋ ತೆಗೆದು ಹಾಕುವುದಂತೂ ನನಗೆ ಒಂಚೂರೂ ಇಷ್ಟವಾಗುವುದಿಲ್ಲ. ರಾತ್ರಿಯಿಡೀ ದುಡಿದು ಮಲಗಿರುತ್ತಾರೆ.

ಶಾಸನಪ್ರಿಯ:
ಅಕ್ಕ ಹೇಳಿದ್ದು ಸರಿಯಾಗಿದೆ. ಮಾರ್ಕೆಟ್ಟಿನ ಬಗ್ಗೆ ಇನ್ನೊಂದೆರಡು ಮಾತು ಸೇರಿಸುತ್ತೇನೆ. ಆ ಜಾಗ ಮೊದಲು ಸಿದ್ಧಿಕಟ್ಟೆ ಎಂಬ ಕೆರೆ. ಕಲ್ಲಿನ ಹಳೇ ಕಟ್ಟಡ 1921ರದ್ದು, ಕೃಷ್ಣರಾಜ ಒಡೆಯರ ಹೆಸರಿನದು. 1905ರ ಆಗಸ್ಟ್ 5ರಂದು ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟು ಬಂದಾಗ ಮೊದಲು ಬೀದಿ ದೀಪ ಹೊತ್ತಿದ್ದು ಈ ಮಾರ್ಕೆಟ್ ಸುತ್ತಮುತ್ತಲೇ. ಎದುರಿಗೆ ಇರುವ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರಿನಲ್ಲಿ ಶುರುವಾಯಿತು. ಅದಕ್ಕೆ ಕೆಲವೇ ವರ್ಷ ಮೊದಲು ಪ್ಲೇಗು ಇದೇ ಪೇಟೆಯ ಇಕ್ಕಟ್ಟಿನಲ್ಲಿ ಎಷ್ಟೋ ಮನೆಗಳನ್ನು ಖಾಲಿ ಮಾಡಿತ್ತು.

ಗದುಗಿನ ಗೆಳೆಯ:
ಬಳೇಪೇಟೆ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ನಾನು ಗದಗಿನವನು, ಭಜನಾ ಮಂಡಳಿಗೆ ಹಾರ್ಮೋನಿಯಂ ತರಲು ಬಳೇಪೇಟೆಗೆ ಬಂದಿದ್ದೆ. ಬೀದಿಗೆ ಕಾಲಿಟ್ಟರೆ ಸಾಕು. ಒಂದು ಅಂಗಡಿಯಲ್ಲಿ ವೀಣೆ, ಪಕ್ಕದಲ್ಲಿ ಮೃದಂಗ, ಅದರಾಚೆ ತಬಲಾ, ನಾದಸ್ವರ. ನಾನು ಹೋದ ಅಂಗಡಿಯಲ್ಲಿ ಒಬ್ಬ ಅಜ್ಜ ಮೃದಂಗದ ಬಲಗಡೆಗೆ ಕರಣೆ ಹಾಕುತ್ತಿದ್ದರು. ಕಪ್ಪು ಪುಡಿಯನ್ನು ಅನ್ನದ ಜೊತೆ ಕಲಸಿ, ಚಿಟಿಕೆ ಚಿಟಿಕೆ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿ, ಒಣಗಿದ ಮೇಲೆ ಇನ್ನೊಂದು ಪದರ. ಪ್ರತಿ ಪದರಕ್ಕೂ ಬೆರಳಿಂದ ತಟ್ಟಿ ನಾದ ಕೇಳುತ್ತಿದ್ದರು. ರಸ್ತೆಯಲ್ಲಿ ಅಷ್ಟು ಹಾರ್ನ್ ಇದ್ದರೂ ಅವರ ಕಿವಿಗೆ ಅದೊಂದೇ ನಾದ ಬೀಳುತ್ತಿತ್ತು. ನನ್ನ ಹಾರ್ಮೋನಿಯಂ ಪ್ಯಾಕ್ ಆದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಏನೂ ಕೊಳ್ಳದಿದ್ದರೂ ಹೋಗಿ ಬನ್ನಿ. ಪಕ್ಕದಲ್ಲೇ ರಂಗನಾಥಸ್ವಾಮಿ ಗುಡಿ ಇದೆ. ವಿಜಯನಗರ ಶೈಲಿಯ ಕಲ್ಲಿನ ಕಂಬಗಳು. ಹೊರಗೆ ಗದ್ದಲ, ಒಳಗೆ ತಂಪು. ಅಮ್ಮನವರು ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದು.

ಮಲ್ಲೇಶ್ವರದ ಮಗಳು:
ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ನೋಡಿ. ಈಗಿನ ಕಟ್ಟಡ 1917ರದ್ದು. ಕನ್ನಡದಲ್ಲೇ ಪ್ರಾರ್ಥನೆ ನಡೆಯುವ ಚರ್ಚು. ಬೆಂಜಮಿನ್ ರೈಸ್ ಹೆಸರಿನಲ್ಲಿ ಕಟ್ಟಿದ್ದು. ಅವರ ಮಗ ಬಿ.ಎಲ್. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಊರೂರು ತಿರುಗಿ ಸಾವಿರಾರು ಶಾಸನ ಓದಿಸಿ ಅಚ್ಚು ಹಾಕಿಸಿದವರು. ಇತಿಹಾಸದ ಮೇಷ್ಟ್ರಿಗೆ ಆ ಹೆಸರು ಹೇಳಿಕೊಡಬೇಕಿಲ್ಲ ಅಲ್ವಾ? ಚರ್ಚಿನ ಆಸುಪಾಸಿನಲ್ಲೇ ಹಳೇ ಪುಸ್ತಕದ ಅಂಗಡಿಗಳು. ಬಹಳಷ್ಟು ಕಾಲೇಜು ಪಠ್ಯವೇ. ತಾಳ್ಮೆಯಿಂದ ಕೆದಕಿದರೆ ಒಳ್ಳೆಯ ಕನ್ನಡ ಪುಸ್ತಕವೂ ಸಿಗುತ್ತದೆ.

ಆಮೇಲೆ ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿ. ಮೊಘಲರು ಬೆಂಗಳೂರು ಹಿಡಿದಿದ್ದ ಕಾಲದ್ದು, ಬೆಂಗಳೂರಿನ ಅತಿ ಹಳೇ ಮಸೀದಿ ಎಂದು ಹೇಳುತ್ತಾರೆ. ಟಿಪ್ಪು ಕಾಲದಲ್ಲಿ ರಾಕೆಟ್ಟು ಮಾಡುತ್ತಿದ್ದ ಜಾಗ ಅದಾದ್ದರಿಂದ ಪೇಟೆಗೆ ಆ ಹೆಸರು ಬಂತಂತೆ.

ತಿಂಡಿಪೋತ:
ಎಲ್ಲ ಸರಿ, ಊಟ-ತಿಂಡಿ? ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ತಿನ್ನಿಸಿ. ಆಲೂಗಡ್ಡೆ ಪಲ್ಯದ ಬದಲು ತರಕಾರಿ ಸಾಗು ಇರುತ್ತದೆ. ಕೂತು ತಿನ್ನಬಹುದು, ವಯಸ್ಸಾದವರಿಗೆ ಅನುಕೂಲ.

ಎರಡನೇ ದಿನ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಬಹುದು. 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಭಾನುವಾರ ರಜೆ. ಸಂಜೆಯಾದರೆ ವಿ.ವಿ. ಪುರದ ತಿಂಡಿ ಬೀದಿ. ಡಿಸೆಂಬರ್-ಜನವರಿಯಲ್ಲಿ ಬಂದರೆ ಅವರೆಕಾಯಿ ಕಾಲ. ಆಗ ದೋಸೆ, ಉಪ್ಪಿಟ್ಟು, ರೊಟ್ಟಿ, ಎಲ್ಲದರಲ್ಲೂ ಅವರೆಬೇಳೆ.

ತುಂಗಾತೀರ:
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಋಣಿ. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಇನ್ನೆರಡು ಪ್ರಶ್ನೆ ಕೇಳಿದ್ದಾರೆ. ಒಂದು, ಕರಗ ನಡೆಯುವ ಗುಡಿ ಉಳಿದ ದಿನ ತೆರೆದಿರುತ್ತದಾ? ಎರಡು, ಸಂಜೆ ಯಾವುದಾದರೂ ನಾಟಕವೋ ಸಂಗೀತವೋ ನೋಡಲು ಹತ್ತಿರದಲ್ಲಿ ಏನಿದೆ?

ಕರಗದ ಬೀದಿ:
ಮೊದಲನೆಯದಕ್ಕೆ ನಾನು ಹೇಳುತ್ತೇನೆ, ನಮ್ಮ ಮನೆ ಅಲ್ಲೇ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನ ದಿನಾ ತೆರೆದಿರುತ್ತದೆ. ಬೆಳಿಗ್ಗೆ ಅಥವಾ ಸಂಜೆ ಬನ್ನಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಹಲಸೂರು ಗೇಟ್ ಠಾಣೆ ಕಡೆಯಿಂದ ಬಂದರೆ ಹತ್ತಿರ. ಪಾಂಡವರಿಗೂ ದ್ರೌಪದಿಗೂ ಪೂಜೆ ನಡೆಯುವ ಗುಡಿ, ಇಂಥದ್ದು ಅಪರೂಪ.

ಆದರೆ ಕರಗದ ರಾತ್ರಿ ನೋಡದೆ ನಮ್ಮ ಪೇಟೆ ಪೂರ್ತಿ ಅರ್ಥವಾಗುವುದಿಲ್ಲ. ಚೈತ್ರ ಹುಣ್ಣಿಮೆ ರಾತ್ರಿ. ದ್ರೌಪದಿ ತಿಮಿರಾಸುರನನ್ನು ಕೊಲ್ಲಲು ವೀರಕುಮಾರರನ್ನು ಸೃಷ್ಟಿಸಿದಳು, ಅವರನ್ನು ಬಿಟ್ಟು ಹೋಗುವಾಗ ವರ್ಷಕ್ಕೊಮ್ಮೆ ಬರುತ್ತೇನೆ ಎಂದು ಮಾತು ಕೊಟ್ಟಳು ಎನ್ನುವುದು ನಮ್ಮ ನಂಬಿಕೆ. ಅವಳು ಬರುವ ರಾತ್ರಿಯೇ ಕರಗ. ಹೊರುವವರು ತಿಗಳರು, ವಹ್ನಿಕುಲ ಕ್ಷತ್ರಿಯರು. ಅರಿಶಿನ ಬಣ್ಣದ ಸೀರೆ, ಬಳೆ, ಕುಂಕುಮ. ತಲೆ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಎತ್ತರದ ಕರಗ. ಅದನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ಗುಡಿಯಿಂದ ಹೊರಬರುತ್ತದೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. "ಗೋವಿಂದಾ, ಗೋವಿಂದಾ" ಎಂದು ಕೂಗು. ಮಹಡಿಗಳಿಂದ ಮಲ್ಲಿಗೆ ಸುರಿಯುತ್ತಾರೆ.

ಪೇಟೆಯ ಬೀದಿ ಬೀದಿ ಸುತ್ತಿ ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ. ಇದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ. ನಮ್ಮಜ್ಜ ನೋಡಿದ್ದರು, ಅವರಪ್ಪ ನೋಡಿದ್ದರು. ಈ ಪದ್ಧತಿ ಬೇಡ ಎಂದು ಯಾರಾದರೂ ಮಾತೆತ್ತಿದರೆ ಪೇಟೆಯವರಿಗೆ ನಿಜವಾಗಿ ನೋವಾಗುತ್ತದೆ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿ ಎಷ್ಟೋ ವರ್ಷವಾಯಿತು. ಆದರೂ ಕರಗದ ಪೂಜೆಗೆ ಅಲ್ಲಿ ಉಳಿದಿರುವ ಕೊಳಕ್ಕೆ ಈಗಲೂ ಹೋಗುತ್ತೇವೆ. ಕೆರೆ ಹೋದರೂ ದಾರಿ ಬಿಟ್ಟಿಲ್ಲ.

ವಯಸ್ಸಾದವರನ್ನು ಆ ರಾತ್ರಿ ಗುಡಿ ಮುಂದಕ್ಕೆ ಕರೆತರಬೇಡಿ, ನೂಕುನುಗ್ಗಲು ಜಾಸ್ತಿ. ಪೇಟೆಯಲ್ಲಿ ಯಾರಾದರೂ ಪರಿಚಯದವರಿದ್ದರೆ ಅವರ ಮನೆ ಮಹಡಿಯಿಂದ ನೋಡಿ. ಇಲ್ಲವೇ ಬೆಳಗಿನ ಜಾವ ಬನ್ನಿ. ಕರಗ ವಾಪಸು ಬರುವಾಗ ಜನ ಸ್ವಲ್ಪ ಚದುರಿರುತ್ತಾರೆ.

ರಂಗಾಸಕ್ತ:
ಎರಡನೆಯ ಪ್ರಶ್ನೆಗೆ: ರವೀಂದ್ರ ಕಲಾಕ್ಷೇತ್ರ. ಮಾರ್ಕೆಟ್ಟಿನಿಂದ ಆಟೋದಲ್ಲಿ ಸ್ವಲ್ಪವೇ ದೂರ, ಜೆ.ಸಿ. ರಸ್ತೆಯಲ್ಲಿ. 1963ರಿಂದ ಇದೆ. ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ. ಟಿಕೆಟ್ ದುಬಾರಿ ಇರುವುದಿಲ್ಲ, ಎಷ್ಟೋ ಕಾರ್ಯಕ್ರಮಕ್ಕೆ ಟಿಕೆಟ್ಟೇ ಇರಲ್ಲ. ಸಂಜೆ ಆರೂವರೆ, ಏಳರ ಹೊತ್ತಿಗೆ ಏನಾದರೊಂದು ನಡೆಯುತ್ತಿರುತ್ತದೆ. ಹೋಗುವ ದಾರಿಯಲ್ಲಿ ಪುಟ್ಟಣ್ಣಚೆಟ್ಟಿ ಪುರಭವನದ ಕಂಬಗಳನ್ನೂ ನೋಡಿ, 1935ರದ್ದು.

ಸಂಗೀತ ಬೇಕೆಂದರೆ ರಾಮನವಮಿ ಸಮಯಕ್ಕೆ ಬನ್ನಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯವರು 1939ರಿಂದ ಕಛೇರಿ ಮಾಡಿಸುತ್ತಾ ಬಂದಿದ್ದಾರೆ. ಚಪ್ಪರದೊಳಗೆ ಕುರ್ಚಿ ಸಿಗದವರು ಹೊರಗೆ ನಿಂತೇ ಕೇಳುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತೂ ಚಾಮರಾಜಪೇಟೆಯಲ್ಲೇ. ಹುಟ್ಟಿದ್ದು 1915ರಲ್ಲಿ. ಕನ್ನಡದ ಮೇಷ್ಟ್ರುಗಳು ಅಲ್ಲಿ ಒಂದು ಗಳಿಗೆ ನಿಲ್ಲದೆ ಹೋಗುವುದುಂಟಾ?

ತುಂಗಾತೀರ:
ಹೋಗಿ ಬಂದೆವು! ಎಲ್ಲರಿಗೂ ಹೇಳಬೇಕು ಅನಿಸಿತು.

ಮಂಗಳವಾರ ಬೆಳಿಗ್ಗೆ ಹೂವಿನ ಮಾರ್ಕೆಟ್ಟಿನಿಂದಲೇ ಶುರು ಮಾಡಿದೆವು. ಅಮ್ಮ ಮೇಲಿನಿಂದ ನೋಡುತ್ತೇನೆ ಎಂದವರು, ಐದು ನಿಮಿಷಕ್ಕೆ ನನ್ನ ಕೈ ಹಿಡಿದು ಕೆಳಗೇ ಇಳಿದರು. ಮರುಗ ಸೇರಿಸಿ ಕಟ್ಟಿದ ಮಲ್ಲಿಗೆ ಸಿಕ್ಕಿತು. ಹೂವಕ್ಕ, ಅಮ್ಮ ನಿಮಗೆ ಥ್ಯಾಂಕ್ಸ್ ಹೇಳಲು ಹೇಳಿದ್ದಾರೆ. ಮಾರುತ್ತಿದ್ದ ಹೆಂಗಸು ಶಿವಮೊಗ್ಗ ಎಂದು ಕೇಳಿದ ಕೂಡಲೇ ಅಲ್ಲಿ ಮೊಳ ಎಷ್ಟು, ಯಾವ ಹೂವು ಬರುತ್ತದೆ ಎಂದು ವಿಚಾರಿಸಿದರು. ಇಬ್ಬರೂ ಅಲ್ಲೇ ಮಾತಿಗೆ ನಿಂತರು.

ಅಪ್ಪ ಕೆ.ಆರ್. ರಸ್ತೆಯ ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು. ಬಹಾದೂರ್ ಖಾನನ ಹೆಸರು ಅವರಿಗೆ ಗೊತ್ತಿತ್ತು. "ಪಾಠದಲ್ಲಿ ಒಂದು ಸಾಲು ಹೇಳಿ ಮುಂದೆ ಹೋಗುತ್ತಿದ್ದೆವು, ಜಾಗ ಇದೇ ಅಲ್ವಾ" ಎಂದರು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹುಡುಗರು ಇಯರ್‌ಫೋನ್ ತೆಗೆದು ಕೇಳಿಸಿಕೊಂಡರು. ಅವರಿಗೂ ಅಪ್ಪ ಪೂರ್ತಿ ಪಾಠ ಮಾಡಿಯೇ ಬಿಟ್ಟರು. ಅರಮನೆ ಚಿಕ್ಕದಾದರೂ ಇಷ್ಟವಾಯಿತು. ಬಳೇಪೇಟೆಯಲ್ಲಿ ದೋಸೆ ತಿಂದು ರಂಗನಾಥನ ಗುಡಿಯಲ್ಲಿ ಕೂತೆವು.

ಒಂದು ಬೇಸರದ ಸಂಗತಿ. ಪೇಟೆಯ ಒಳಬೀದಿಗಳಲ್ಲಿ ಹಳೇ ಮನೆಗಳು ಬೀಳುತ್ತಿವೆ. ಕೆತ್ತನೆಯ ಬಾಗಿಲಿನ ಪಕ್ಕದಲ್ಲೇ ಐದಂತಸ್ತಿನ ಗೋಡೌನು. ಒಂದು ಕಡೆ ಮರದ ಕಂಬಗಳನ್ನು ಕಿತ್ತು ಗಾಡಿಗೆ ತುಂಬುತ್ತಿದ್ದರು. ಅಪ್ಪ ಅದನ್ನು ನೋಡಿ ಏನೂ ಮಾತಾಡಲಿಲ್ಲ.

ಕಬ್ಬನ್‌ಪೇಟೆಯವನು:
ಓದಿ ಮನಸ್ಸು ತುಂಬಿತು. ಹಳೇ ಮನೆಗಳ ವಿಷಯ ಹೇಳಿದಿರಲ್ಲ, ನಮ್ಮ ಬೀದಿಯದ್ದೂ ಅದೇ ಕಥೆ. ನಾನು ಚಿಕ್ಕವನಾಗಿದ್ದಾಗ ಕಬ್ಬನ್‌ಪೇಟೆಯ ಸಂದಿಗಳಲ್ಲಿ ಮಗ್ಗದ ಸದ್ದು ಕೇಳದ ಮನೆ ಕಡಿಮೆ. ದೇವಾಂಗದವರು, ಪಟ್ಟೇಗಾರರು ತಲೆಮಾರುಗಳಿಂದ ನೇಯುತ್ತಿದ್ದ ಊರು ಇದು. 1800ರಲ್ಲಿ ಬ್ರಿಟಿಷರ ಪರವಾಗಿ ಸಮೀಕ್ಷೆಗೆ ಹೊರಟ ಬುಕಾನನ್ ಇಲ್ಲಿಗೆ ಬಂದಾಗ ನೇಕಾರರ ಬಗ್ಗೆ ಅಷ್ಟು ಬರೆದುಕೊಂಡು ಹೋಗಿದ್ದಾನೆ. ಕೈಮಗ್ಗ ಹೋಗಿ ಪವರ್‌ಲೂಮ್ ಬಂತು. ಈಗ ಅದೂ ಒಂದೊಂದಾಗಿ ನಿಲ್ಲುತ್ತಿದೆ. ಬಾಡಿಗೆಗೆ ಗೋಡೌನು ಕೊಟ್ಟರೆ ನೇಯ್ಗೆಗಿಂತ ಜಾಸ್ತಿ ದುಡ್ಡು. ಮನೆಯವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಬೀದಿಯಲ್ಲಿ ಕೊಳ್ಳುವವರು, ನೋಡುವವರು ಬರುತ್ತಿದ್ದರೆ ಒಂದೆರಡು ಮಗ್ಗವಾದರೂ ನಡೆಯುತ್ತವೆ. ಅದಕ್ಕೇ ನಾನು ಎಲ್ಲರಿಗೂ ಕೆಲಸದ ದಿನ ಬನ್ನಿ ಎಂದು ಹಟ ಮಾಡುವುದು.

ಮುಂದಿನ ಸಲ ತಂದೆಯವರು ಬಂದಾಗ ನಮ್ಮ ಬೀದಿಗೆ ಕರೆತನ್ನಿ. ಇನ್ನೂ ಓಡುತ್ತಿರುವ ಮಗ್ಗ ನಾನೇ ತೋರಿಸುತ್ತೇನೆ.

ಜಯನಗರ 4ನೇ ಬ್ಲಾಕ್:
ನಾನೂ ಬರಬಹುದಾ ಸರ್? ಅತ್ತೆಯವರಿಗೆ ಈಗ ಕಾಲು ವಾಸಿಯಾಗಿದೆ. ಅವರ ತವರು ದೊಡ್ಡಬಳ್ಳಾಪುರ, ಮನೆಯಲ್ಲಿ ಮಗ್ಗ ಇತ್ತು.

ಕಬ್ಬನ್‌ಪೇಟೆಯವನು:
ಖಂಡಿತ ಬನ್ನಿ ಸರ್. ಮಗ್ಗದ ಮನೆಯವರು ಬಂದರೆ ಇನ್ನೂ ಸಂತೋಷ. ಮೈಸೂರು ಬ್ಯಾಂಕ್ ಸರ್ಕಲ್‌ವರೆಗೆ ಆಟೋದಲ್ಲಿ ಬನ್ನಿ, ಆ ಕಡೆಯಿಂದ ರಸ್ತೆ ಅಷ್ಟು ಕೆಟ್ಟಿಲ್ಲ. ಬೆಳಿಗ್ಗೆ ಹನ್ನೊಂದರೊಳಗೆ ಬಂದುಬಿಡಿ. ಮಧ್ಯಾಹ್ನ ಊಟಕ್ಕೆ ಮಗ್ಗ ನಿಲ್ಲಿಸುತ್ತಾರೆ.